ಟೈಟ್ರೇಶನ್ ರೀಡಿಂಗ್ ಕೂಡುತ್ತಿಲ್ಲ, ತಕ್ಕಡಿ ನಿಲ್ಲುತ್ತಿಲ್ಲ: ರಸಾಯನಶಾಸ್ತ್ರ ಲ್ಯಾಬಿನ ಅಳತೆ ದೋಷ ಹುಡುಕುವ ಕೈಪಿಡಿ

ಟೈಟ್ರೇಶನ್ ಎಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಖರ್ಚಾಯಿತೆಂದು ಅಳೆಯುವುದು. ಅದರಲ್ಲಿ 20 ಮಿ.ಲೀ. ಬರಬೇಕಾದ ಕಡೆ 20.8, 19.7, 21.2 ಎಂದು ರೀಡಿಂಗ್ ಬಂದರೆ ಅದೊಂದು ಕಾಯಿಲೆ. 20.8, 20.8, 20.7 ಎಂದು ಬಂದರೆ ಅದು ಬೇರೆಯದೇ ಕಾಯಿಲೆ. ಮೊದಲನೆಯದರಲ್ಲಿ ತಪ್ಪು ಇರುವುದು ಕೈಯಲ್ಲಿ ಅಥವಾ ಕಣ್ಣಲ್ಲಿ. ಎರಡನೆಯದರಲ್ಲಿ ಕೈ ಪಳಗಿದೆ, ದ್ರಾವಣವೋ ಉಪಕರಣವೋ ಲೆಕ್ಕವೋ ಕೆಟ್ಟಿದೆ. ಇನ್ನು 20.2, 20.4, 20.7 ಎಂದು ಏರುತ್ತಲೇ ಹೋದರೆ ಅದು ಮೂರನೆಯದು: ನೀವು ಕೆಲಸ ಮಾಡುತ್ತಿರುವಾಗಲೇ ಏನೋ ಬದಲಾಗುತ್ತಿದೆ.

ಪಿಯುಸಿ ಲ್ಯಾಬಿನಲ್ಲಿ ಬರುವ ಬಹುಪಾಲು ಅಳತೆ ದೋಷಗಳನ್ನು ಈ ಮೂರು ಗುಂಪಿಗೆ ಹಾಕಬಹುದು. ಗುಂಪು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಗೊತ್ತಾಗದೆ ದ್ರಾವಣ ಚೆಲ್ಲಿ, ಬ್ಯುರೆಟ್ (ಕೆಳಗೆ ನಲ್ಲಿಯಿರುವ ಉದ್ದನೆಯ ಅಳತೆ ಕೊಳವೆ) ಬದಲಿಸಿ, ಮತ್ತೆ ತೂಕ ಮಾಡಿ ಎಲ್ಲವನ್ನೂ ಒಟ್ಟಿಗೆ ಮಾಡಿದರೆ, ರೀಡಿಂಗ್ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಮುಂದಿನ ವಾರ ಅದೇ ತಪ್ಪು ಮತ್ತೆ ಬರುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಳೆಯ ರೀಡಿಂಗನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಿರಿ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಪರ್ಮಾಂಗನೇಟ್ ಟೈಟ್ರೇಶನ್. ಪಿಪೆಟ್ಟಿನಿಂದ (ನಿಗದಿತ ಅಳತೆಯಷ್ಟೇ ದ್ರಾವಣ ಎಳೆದು ಬಿಡುವ ಕೊಳವೆ) 20 ಮಿ.ಲೀ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ ಕೋನಿಕಲ್ ಫ್ಲಾಸ್ಕಿಗೆ, ಬ್ಯುರೆಟ್ಟಿನಲ್ಲಿ 0.02 ಮೋಲಾರ್ ಪೊಟ್ಯಾಸಿಯಂ ಪರ್ಮಾಂಗನೇಟ್. ಎರಡು ಮೋಲ್ ಪರ್ಮಾಂಗನೇಟಿಗೆ ಐದು ಮೋಲ್ ಆಕ್ಸಾಲಿಕ್ ಆಮ್ಲ ಎಂಬ ಲೆಕ್ಕದಲ್ಲಿ, ಫ್ಲಾಸ್ಕಿನಲ್ಲಿ ತಿಳಿ ಗುಲಾಬಿ ನಿಲ್ಲುವ ಹೊತ್ತಿಗೆ ಸರಿಯಾಗಿ 20.0 ಮಿ.ಲೀ. ಖರ್ಚಾಗಬೇಕು.

ರೀಡಿಂಗ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ

ಬ್ಯುರೆಟ್ಟಿನ ಒಂದು ಹನಿ ಸುಮಾರು 0.05 ಮಿ.ಲೀ. ಹಾಗಾಗಿ ಎರಡು ರೀಡಿಂಗ್‌ಗಳ ನಡುವೆ 0.1 ಮಿ.ಲೀ. ವ್ಯತ್ಯಾಸ ಎಂದರೆ ಎರಡು ಹನಿ. ಅಷ್ಟನ್ನು ಒಪ್ಪಬಹುದು. ಅದಕ್ಕಿಂತ ಹೆಚ್ಚಾದರೆ ಹುಡುಕಬೇಕು.

ಖರ್ಚಿಲ್ಲದ ತಪಾಸಣೆ ಮೊದಲು. ಬ್ಯುರೆಟ್ಟಿನ ಬಾಯಲ್ಲಿ ಆಲಿಕೆ ಉಳಿದಿದೆಯೇ ನೋಡಿ. ಆಲಿಕೆಯಲ್ಲಿ ನಿಂತ ಒಂದೆರಡು ಹನಿ ಟೈಟ್ರೇಶನ್ ನಡುವೆ ಒಳಗೆ ಬಿದ್ದರೆ ಮಟ್ಟ ಏರಿ, ಖರ್ಚಾದದ್ದು ಕಡಿಮೆ ಎಂದು ತೋರುತ್ತದೆ. ಒಂದು ಸಲ ಬೀಳುತ್ತದೆ, ಇನ್ನೊಂದು ಸಲ ಬೀಳುವುದಿಲ್ಲ. ರೀಡಿಂಗ್ ಚದುರಲು ಅಷ್ಟು ಸಾಕು.

ಅನಂತರ ನಲ್ಲಿಯ ಕೆಳಗಿನ ತುದಿ. ಅಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದು ನಡುವೆ ಹೊರಬಿದ್ದರೆ, ಅದರ ಜಾಗವನ್ನು ತುಂಬಿದ ದ್ರಾವಣವೂ ಖರ್ಚಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ರೀಡಿಂಗ್ ಹೆಚ್ಚು ಬರುತ್ತದೆ. ಪರ್ಮಾಂಗನೇಟಿನ ಗಾಢ ಬಣ್ಣದಲ್ಲಿ ಗುಳ್ಳೆ ಸುಲಭವಾಗಿ ಕಾಣುವುದಿಲ್ಲ. ಬ್ಯುರೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ನಲ್ಲಿಯನ್ನು ಪೂರ್ತಿ ತಿರುಗಿಸಿ ಒಂದು ಕ್ಷಣ ಜೋರಾಗಿ ಬಿಟ್ಟರೆ ಗುಳ್ಳೆ ಹೋಗುತ್ತದೆ.

ಮೂರನೆಯದು ಕಣ್ಣು. ಬಣ್ಣವಿಲ್ಲದ ದ್ರಾವಣದಲ್ಲಿ ಮೆನಿಸ್ಕಸ್‌ನ (ದ್ರವದ ಬಾಗಿದ ಮೇಲ್ಮೈಯ) ಕೆಳಬಾಗನ್ನು ಓದುತ್ತೇವೆ. ಪರ್ಮಾಂಗನೇಟಿನಲ್ಲಿ ಕೆಳಬಾಗು ಕಾಣುವುದೇ ಇಲ್ಲ, ಆದ್ದರಿಂದ ಮೇಲಂಚನ್ನು ಓದಬೇಕು. ಆರಂಭದಲ್ಲಿ ಮೇಲಂಚು, ಕೊನೆಯಲ್ಲಿ ಕೆಳಬಾಗು ಎಂದು ಬೆರೆಸಿ ಓದಿದರೆ ಅಲ್ಲೇ 0.1–0.2 ಮಿ.ಲೀ. ಹೋಯಿತು. ಕಣ್ಣು ದ್ರವದ ಮಟ್ಟಕ್ಕೇ ಇರಬೇಕು: ಮೇಲಿನಿಂದ ನೋಡಿದರೆ ಮಟ್ಟ ಇರುವುದಕ್ಕಿಂತ ಮೇಲೆ ಕಾಣುತ್ತದೆ, ಕೆಳಗಿನಿಂದ ನೋಡಿದರೆ ಕೆಳಗೆ. ಗಿಡ್ಡಗಿರುವವರು ಬ್ಯುರೆಟ್ ತುಂಬಿದಾಗ ಕೆಳಗಿನಿಂದಲೂ, ಖಾಲಿಯಾದಾಗ ಮೇಲಿನಿಂದಲೂ ಓದುತ್ತಾರೆ. ಎರಡು ತಪ್ಪೂ ಒಂದೇ ಕಡೆಗೆ ಕೂಡಿಕೊಂಡು ಖರ್ಚು ಕಡಿಮೆ ಎಂದು ತೋರಿಸುತ್ತವೆ. ಸ್ಟ್ಯಾಂಡಿನ ಕ್ಲ್ಯಾಂಪ್ ಸಡಿಲಿಸಿ ಬ್ಯುರೆಟ್ಟನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಸ್ಟೂಲು ಹತ್ತುವ ಸಾಹಸ ಬೇಡ.

ಇಷ್ಟಾದರೂ ಚದುರುತ್ತಿದ್ದರೆ ಪಿಪೆಟ್ ನೋಡಿ. ತುದಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ ದ್ರಾವಣ ತಾನಾಗಿ ಇಳಿಯಲು ಬಿಡಿ. ಇಳಿದ ಮೇಲೆ ಐದಾರು ಸೆಕೆಂಡ್ ಕಾದು ತೆಗೆಯಿರಿ. ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಿ ತಳ್ಳುವ ಅಭ್ಯಾಸ ಬಹಳ ಜನಕ್ಕಿದೆ. ಒಂದೇ ಗುರುತಿನ ಮಾಮೂಲಿ ಪಿಪೆಟ್ಟಿನಲ್ಲಿ ಆ ಹನಿಯನ್ನು ಬಿಟ್ಟೇ 20 ಮಿ.ಲೀ. ಗುರುತು ಹಾಕಿರುತ್ತಾರೆ. ಒಂದು ಸಲ ಊದಿ, ಇನ್ನೊಂದು ಸಲ ಬಿಟ್ಟರೆ ರೀಡಿಂಗ್ ಹೇಗೆ ಕೂಡೀತು? ಇನ್ನು, ಬಾಯಿಂದ ಎಳೆಯುವುದಂತೂ ಕೂಡದು. ಆಕ್ಸಾಲಿಕ್ ಆಮ್ಲ ವಿಷ. ರಬ್ಬರ್ ಬಲ್ಬ್ ಇಲ್ಲದಿದ್ದರೆ ಕೆಲಸ ನಿಲ್ಲಿಸಿ, ತರಿಸಿಕೊಂಡ ಮೇಲೆ ಮುಂದುವರಿಸಿ.

ಬ್ಯುರೆಟ್ಟಿನ ಒಳಗೋಡೆಯಲ್ಲಿ ದ್ರಾವಣ ತೆಳುಪೊರೆಯಾಗಿ ಜಾರದೆ ಹನಿಹನಿಯಾಗಿ ಅಂಟಿ ನಿಂತರೆ ಒಳಗೆ ಜಿಡ್ಡಿದೆ ಎಂದರ್ಥ. ಸಾಬೂನು ದ್ರಾವಣ, ಉದ್ದನೆಯ ಬ್ರಷ್, ಆಮೇಲೆ ನಲ್ಲಿ ನೀರು, ಕೊನೆಗೆ ಡಿಸ್ಟಿಲ್ಡ್ ವಾಟರ್. ಹಳೆಯ ಪರ್ಮಾಂಗನೇಟಿನ ಕಂದು ಕಲೆ ಸಾಬೂನಿಗೆ ಬಗ್ಗುವುದಿಲ್ಲ. ಮಿಕ್ಕಿರುವ ಆಕ್ಸಾಲಿಕ್ ಆಮ್ಲಕ್ಕೆ ಸ್ವಲ್ಪ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಬೆರೆಸಿ ಒಳಗೆ ಆಡಿಸಿದರೆ ಕರಗಿ ಹೋಗುತ್ತದೆ.

ರೀಡಿಂಗ್ ಒಂದೇ ದಿಕ್ಕಿಗೆ ಜಾರುತ್ತಿದೆ

ಮೊದಲ ಸಂಶಯ ಬ್ಯುರೆಟ್ಟಿನ ನಲ್ಲಿಯ ಮೇಲೆ. ನೀರು ತುಂಬಿ, ನಲ್ಲಿ ಮುಚ್ಚಿ, ಮಟ್ಟ ಬರೆದಿಟ್ಟು ಹತ್ತು ನಿಮಿಷ ಬಿಡಿ. ಒಂದು ಹನಿಗಿಂತ ಹೆಚ್ಚು ಇಳಿದರೆ ಸೋರುತ್ತಿದೆ. ಬಿಳಿಯ ಟೆಫ್ಲಾನ್ ನಲ್ಲಿಯಾದರೆ ಅದರ ತಿರುಪನ್ನು ಸ್ವಲ್ಪ ಬಿಗಿ ಮಾಡಿದರೆ ಸಾಕು, ಅದಕ್ಕೆ ಗ್ರೀಸ್ ಹಚ್ಚಬಾರದು. ಗಾಜಿನ ನಲ್ಲಿಯಾದರೆ ಒರೆಸಿ ಒಣಗಿಸಿ, ರಂಧ್ರದ ಎರಡೂ ಬದಿಗೆ ತೆಳುವಾಗಿ ವ್ಯಾಸಲಿನ್ ಸವರಿ. ರಂಧ್ರದ ಹತ್ತಿರ ಸವರಿದರೆ ತುದಿ ಕಟ್ಟಿಕೊಳ್ಳುತ್ತದೆ. ರಬ್ಬರ್ ಕೊಳವೆ, ಕ್ಲಿಪ್ ಇರುವ ಬ್ಯುರೆಟ್ಟನ್ನು ಪರ್ಮಾಂಗನೇಟಿಗೆ ಬಳಸುವಂತಿಲ್ಲ, ಅದು ರಬ್ಬರನ್ನೇ ತಿನ್ನುತ್ತದೆ. ಆ ಕ್ಲಿಪ್ಪಿಗೂ ಮೋರ್ ಲವಣಕ್ಕೂ (ಫೆರಸ್ ಅಮೋನಿಯಂ ಸಲ್ಫೇಟ್) ಒಬ್ಬರದೇ ಹೆಸರು, ಜರ್ಮನಿಯ ಕಾರ್ಲ್ ಫ್ರೀಡ್ರಿಷ್ ಮೋರ್ ಅವರದು. ಪರ್ಮಾಂಗನೇಟಿಗೆ ಅವರ ಲವಣ ಒಗ್ಗುತ್ತದೆ, ಕ್ಲಿಪ್ ಒಗ್ಗುವುದಿಲ್ಲ.

ನಲ್ಲಿ ಸರಿಯಿದ್ದರೆ ವಾಲ್ಯುಮೆಟ್ರಿಕ್ ಫ್ಲಾಸ್ಕ್ ನೋಡಿ. 250 ಮಿ.ಲೀ. ಗುರುತಿಗೆ ನೀರು ತುಂಬಿ ಒಂದೆರಡು ಸಲ ಅಲುಗಿಸಿ ಬಿಟ್ಟರೆ ಕೆಳಗೆ ಗಟ್ಟಿ, ಕುತ್ತಿಗೆಯಲ್ಲಿ ತೆಳು. ಪಿಪೆಟ್ ಯಾವ ಆಳದಿಂದ ಎಳೆಯಿತೋ ಅದರ ಮೇಲೆ ರೀಡಿಂಗ್ ನಿಲ್ಲುತ್ತದೆ. ಮುಚ್ಚಳ ಒತ್ತಿ ಹಿಡಿದು 15–20 ಸಲ ಪೂರ್ತಿ ತಲೆಕೆಳಗೆ ಮಾಡಿ, ಪ್ರತಿ ಸಲವೂ ಗುಳ್ಳೆ ತಳಕ್ಕೆ ಹೋಗುವವರೆಗೆ ಕಾಯಿರಿ. ಈ ಒಂದು ಉಪಾಯದಿಂದಲೇ ಜಾರುವ ರೀಡಿಂಗ್ ನಿಲ್ಲುವುದು ಬಹಳ ಸಲ ಆಗುತ್ತದೆ.

ಆಕ್ಸಾಲಿಕ್ ಆಮ್ಲದ ಬದಲು ಮೋರ್ ಲವಣ ಬಳಸುತ್ತಿದ್ದು, ರೀಡಿಂಗ್ ಗಂಟೆಗಂಟೆಗೂ ಇಳಿಯುತ್ತಿದ್ದರೆ ಕಾರಣ ಗಾಳಿ. ಅದರಲ್ಲಿರುವ ಫೆರಸ್ ಕಬ್ಬಿಣವನ್ನು ಆಮ್ಲಜನಕ ಫೆರಿಕ್ ಮಾಡುತ್ತದೆ, ಪರ್ಮಾಂಗನೇಟಿಗೆ ಕೆಲಸ ಕಡಿಮೆಯಾಗುತ್ತದೆ. ಲವಣವನ್ನು ನೀರಿನ ಬದಲು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲೇ ಕರಗಿಸಿ, ಅದೇ ದಿನ ಬಳಸಿ, ಬಿಸಿ ಮಾಡಬೇಡಿ. ತಿಳಿ ಹಸಿರಾಗಿರಬೇಕಾದ ಹರಳು ಹಳದಿಗೆ ತಿರುಗಿದ್ದರೆ ಬಾಟಲಿಯೇ ಹಳಸಿದೆ.

ರೀಡಿಂಗ್ ಹೊಂದುತ್ತಿದೆ, ಉತ್ತರ ಮಾತ್ರ ತಪ್ಪು

ಇಲ್ಲಿ ತಪ್ಪಿನ ಪ್ರಮಾಣವೇ ಸುಳಿವು.

20ರ ಬದಲು 14.3 ಬರುತ್ತಿದ್ದರೆ ಉಪಕರಣವನ್ನು ಮುಟ್ಟಬೇಡಿ, ಲೆಕ್ಕ ನೋಡಿ. ಬಾಟಲಿಯಲ್ಲಿರುವ ಆಕ್ಸಾಲಿಕ್ ಆಮ್ಲ ಎರಡು ನೀರಿನ ಅಣು ಸೇರಿದ ಹರಳು, ಮೋಲಾರ್ ತೂಕ 126.07. ನೀರು ಬಿಟ್ಟು 90.03 ಎಂದು ಲೆಕ್ಕ ಹಾಕಿದರೆ 250 ಮಿ.ಲೀ.ಗೆ 1.576 ಗ್ರಾಂ ಬದಲು 1.125 ಗ್ರಾಂ ತೂಗಿರುತ್ತೀರಿ. 20ಕ್ಕೆ 14.3 ಆಗುವುದು ಅಲ್ಲಿಂದ. ಇನ್ನು 20ರ ಬದಲು 4 ಬಂದರೆ ನಾರ್ಮಲ್ ಮತ್ತು ಮೋಲಾರ್ ಅದಲುಬದಲಾಗಿದೆ: ಆಮ್ಲೀಯ ದ್ರಾವಣದಲ್ಲಿ 0.1 ನಾರ್ಮಲ್ ಪರ್ಮಾಂಗನೇಟ್ ಎಂದರೆ 0.02 ಮೋಲಾರ್. ಹಳೆಯ ಲೇಬಲ್ ಓದಿ ದ್ರಾವಣ ಮಾಡುವವರು ಇಲ್ಲಿ ಎಡವುತ್ತಾರೆ.

ವ್ಯತ್ಯಾಸ ಶೇಕಡಾ ಒಂದೆರಡು ಮಾತ್ರ ಇದ್ದರೆ ತೊಳೆಯುವ ಕ್ರಮವನ್ನು ಸಂಶಯಿಸಿ. ಯಾವುದು ಯಾವ ಕಡೆಗೆ ತಳ್ಳುತ್ತದೆ ಎಂದು ತಿಳಿದಿದ್ದರೆ ರೀಡಿಂಗ್ ನೋಡಿಯೇ ಹೇಳಬಹುದು:

- ಬ್ಯುರೆಟ್ಟಿನಲ್ಲಿ ನೀರು ಉಳಿದಿತ್ತು: ಪರ್ಮಾಂಗನೇಟ್ ತೆಳುವಾಯಿತು, ರೀಡಿಂಗ್ ಹೆಚ್ಚು.
- ಪಿಪೆಟ್ಟಿನಲ್ಲಿ ನೀರು ಉಳಿದಿತ್ತು: ಆಮ್ಲ ತೆಳುವಾಯಿತು, ರೀಡಿಂಗ್ ಕಡಿಮೆ.
- ಕೋನಿಕಲ್ ಫ್ಲಾಸ್ಕನ್ನು ಆಮ್ಲದಲ್ಲೇ ತೊಳೆದರು: ಲೆಕ್ಕಕ್ಕಿಲ್ಲದ ಆಮ್ಲ ಸೇರಿತು, ರೀಡಿಂಗ್ ಹೆಚ್ಚು.
- ಕೋನಿಕಲ್ ಫ್ಲಾಸ್ಕಿನಲ್ಲಿ ಡಿಸ್ಟಿಲ್ಡ್ ವಾಟರ್ ಉಳಿದಿತ್ತು: ಏನೂ ಆಗುವುದಿಲ್ಲ. ಪಿಪೆಟ್ಟಿನಿಂದ ಬಿದ್ದ ಆಮ್ಲದ ಮೋಲ್ ಎಷ್ಟೋ ಅಷ್ಟೇ ಇರುತ್ತದೆ.

ಬ್ಯುರೆಟ್ ಮತ್ತು ಪಿಪೆಟ್ಟನ್ನು ತಮ್ಮ ತಮ್ಮ ದ್ರಾವಣದಿಂದ, ಸಲಕ್ಕೆ ಐದೈದು ಮಿ.ಲೀ.ನಂತೆ ಎರಡು ಸಲ ತೊಳೆಯಿರಿ. ಫ್ಲಾಸ್ಕಿಗೆ ನೀರು ಸಾಕು.

ಆಕ್ಸಾಲಿಕ್ ಆಮ್ಲ ಬೇಗ ಕರಗಲಿ ಎಂದು ಬಿಸಿ ಮಾಡಿ, ಬಿಸಿಯಿರುವಾಗಲೇ ಗುರುತಿಗೆ ತುಂಬಿದರೂ ತಪ್ಪು ಬರುತ್ತದೆ. 40 °ಸೆ. ನೀರು 27 °ಸೆ.ಗೆ ಇಳಿದಾಗ ಗಾತ್ರ ಶೇಕಡಾ 0.4ರಷ್ಟು ಕುಗ್ಗುತ್ತದೆ, 250 ಮಿ.ಲೀ.ನಲ್ಲಿ ಒಂದು ಮಿ.ಲೀ.ಗಿಂತ ಹೆಚ್ಚು. ಫ್ಲಾಸ್ಕಿನ ಗಾಜಿನ ಮೇಲೆ 20 °ಸೆ. ಅಥವಾ 27 °ಸೆ. ಎಂದು ಮುದ್ರಿಸಿರುವುದು ಯಾವ ಉಷ್ಣತೆಯಲ್ಲಿ ಆ ಗುರುತು ನಿಜ ಎಂದು ಹೇಳಲು. ಬಿಸಿ ದ್ರಾವಣವನ್ನು ಬೀಕರಿನಲ್ಲೇ ತಣಿಸಿ ಆಮೇಲೆ ವರ್ಗಾಯಿಸಿ.

ತೂಕದ ಪಾಲೂ ಇದೆ. ಎರಡು ದಶಮಾಂಶದ ತಕ್ಕಡಿಯಲ್ಲಿ 1.58 ಎಂದು ತೂಗಿದರೆ ಕೊನೆಯ ಅಂಕಿಯ ಒಂದು ಹೆಜ್ಜೆ ಎಂದರೆ ಶೇಕಡಾ 0.6. ಮೂರು ದಶಮಾಂಶದ ತಕ್ಕಡಿಯಲ್ಲಿ ಅದೇ ಹೆಜ್ಜೆ 0.06. ಮೊದಲನೆಯದರಲ್ಲಿ ತೂಗಿ, ಕ್ಯಾಲ್ಕುಲೇಟರ್ ಕೊಟ್ಟ 0.0197368 ಮೋಲಾರ್ ಅನ್ನು ಹಾಗೇ ರೆಕಾರ್ಡಿಗೆ ಇಳಿಸಿದರೆ ಕೊನೆಯ ಮೂರು ಅಂಕಿ ಬರೀ ಅಲಂಕಾರ. 0.0197 ಸಾಕು.

ಇವೆಲ್ಲ ಸರಿಯಿದ್ದೂ ಉತ್ತರ ತಪ್ಪಿದರೆ ಪಿಪೆಟ್ಟನ್ನೇ ತೂಗಿ ಪರೀಕ್ಷಿಸಬೇಕಾಗುತ್ತದೆ. ಒಣ ಬೀಕರ್ ತೂಗಿ, ಪಿಪೆಟ್ಟಿನಿಂದ ಕೊಠಡಿ ಉಷ್ಣತೆಯ ಡಿಸ್ಟಿಲ್ಡ್ ವಾಟರ್ ಬಿಟ್ಟು ಮತ್ತೆ ತೂಗಿ. ಗಾಳಿಯ ತೇಲುವಿಕೆಯನ್ನೂ ಲೆಕ್ಕಕ್ಕೆ ಹಿಡಿದರೆ 20 ಮಿ.ಲೀ. ನೀರು 25 °ಸೆ.ನಲ್ಲಿ 19.92 ಗ್ರಾಂ, 27 °ಸೆ.ನಲ್ಲಿ 19.91 ಗ್ರಾಂ, 30 °ಸೆ.ನಲ್ಲಿ 19.89 ಗ್ರಾಂ ತೂಗಬೇಕು. 20.00 ಬಂದರೆ ಸಂತೋಷಪಡಬೇಡಿ, ಪಿಪೆಟ್ ಹೆಚ್ಚು ಬಿಡುತ್ತಿದೆ. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಎ ದರ್ಜೆಯ 20 ಮಿ.ಲೀ. ಪಿಪೆಟ್ಟಿಗೆ 0.03 ಮಿ.ಲೀ., ಬಿ ದರ್ಜೆಗೆ 0.06 ಮಿ.ಲೀ. ಹೆಚ್ಚುಕಡಿಮೆಗೆ ಅವಕಾಶವಿದೆ. ಅದನ್ನು ಮೀರಿದ್ದಕ್ಕೆ ಮದ್ದಿಲ್ಲ. ತುದಿ ಚಕ್ಕೆ ಎದ್ದ ಪಿಪೆಟ್ ಎಂದೂ ಸರಿಹೋಗದು, ಎಸೆಯುವುದೇ ಲೇಸು.

ಗುಲಾಬಿ ಬರುವ ಬದಲು ಕಂದು ಬಂತು

ಮೊದಲ ಹನಿಯ ನೇರಳೆ ಬಣ್ಣ ಹೋಗಲು ಹೊತ್ತು ಹಿಡಿದರೆ ಅದು ದೋಷವಲ್ಲ. ಈ ಕ್ರಿಯೆ ಆರಂಭದಲ್ಲಿ ನಿಧಾನ. ಹುಟ್ಟುವ ಮ್ಯಾಂಗನಸ್ ಅಯಾನು ತಾನೇ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಮೊದಲ ಹನಿ ಮಾಯವಾಗುವವರೆಗೆ ಎರಡನೆಯದನ್ನು ಹಾಕಬೇಡಿ, ಆಮೇಲೆ ಓಟ ತಾನಾಗಿ ಬರುತ್ತದೆ.

ಕಂದು ಕದಡು ಬಂದರೆ ಮಾತ್ರ ದೋಷ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಪರ್ಮಾಂಗನೇಟ್ ಪೂರ್ತಿ ಇಳಿಯದೆ ಅರ್ಧದಾರಿಯಲ್ಲಿ ನಿಂತಿದೆ ಎಂದರ್ಥ. ಕಾರಣಗಳನ್ನು ಈ ಸಾಲಿನಲ್ಲಿ ನೋಡಿ. ಸಲ್ಫ್ಯೂರಿಕ್ ಆಮ್ಲ ಹಾಕಲು ಮರೆತಿರಾ, ಅಥವಾ ಕಡಿಮೆಯಾಯಿತೇ? 20 ಮಿ.ಲೀ. ಆಕ್ಸಾಲಿಕ್ ಆಮ್ಲಕ್ಕೆ ಸುಮಾರು 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ ಒಂದು ಟೆಸ್ಟ್‌ಟ್ಯೂಬ್ ತುಂಬ ಬೇಕು. ಫ್ಲಾಸ್ಕ್ ಬಿಸಿಯಿದೆಯೇ? 60–70 °ಸೆ. ಇರಬೇಕು, ಹಬೆ ಕಾಣಿಸಿಕೊಳ್ಳತೊಡಗಿದರೆ ಇಳಿಸಿ. ಕುದಿಸಬಾರದು, ಆಕ್ಸಾಲಿಕ್ ಆಮ್ಲವೇ ಒಡೆದು ರೀಡಿಂಗ್ ಇಳಿಯುತ್ತದೆ. ಕೊನೆಯದು, ನಲ್ಲಿಯನ್ನು ಧಾರೆಯಾಗಿ ಬಿಟ್ಟಿರಾ, ಫ್ಲಾಸ್ಕನ್ನು ತಿರುಗಿಸುತ್ತಿರಲಿಲ್ಲವೇ?

ಕಂದು ಬಂದ ಫ್ಲಾಸ್ಕಿನ ರೀಡಿಂಗ್ ಉಳಿಸಿಕೊಳ್ಳುವ ದಾರಿ ಇಲ್ಲ. ಚೆಲ್ಲಿ ಹೊಸದಾಗಿ ಮಾಡಿ.

ಸಲ್ಫ್ಯೂರಿಕ್ ಆಮ್ಲ ಸಿಗಲಿಲ್ಲವೆಂದು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಬಣ್ಣ ಚೆನ್ನಾಗಿಯೇ ಬರುತ್ತದೆ, ಮೋಸ ಅಲ್ಲೇ ಇರುವುದು. ಪರ್ಮಾಂಗನೇಟ್ ಕ್ಲೋರೈಡನ್ನೂ ಕ್ಲೋರಿನ್ ಮಾಡುತ್ತಾ ಖರ್ಚಾಗುವುದರಿಂದ ರೀಡಿಂಗ್ ಹೆಚ್ಚು ಬರುತ್ತದೆ. ನೈಟ್ರಿಕ್ ಆಮ್ಲ ತಾನೇ ಉತ್ಕರ್ಷಕ, ಪರ್ಮಾಂಗನೇಟಿನ ಕೆಲಸವನ್ನು ತಾನು ಮಾಡಿ ರೀಡಿಂಗ್ ಇಳಿಸುತ್ತದೆ.

ಗುಲಾಬಿ ಬಂದು ಮತ್ತೆ ಮಾಸಿದರೆ? 30 ಸೆಕೆಂಡ್ ನಿಂತರೆ ಅದೇ ಎಂಡ್ ಪಾಯಿಂಟ್, ಅಂದರೆ ಟೈಟ್ರೇಶನ್ ನಿಲ್ಲಿಸುವ ಬಿಂದು. ಎರಡು ಮೂರು ನಿಮಿಷ ಬಿಟ್ಟು ಮಾಸಿದ್ದನ್ನು ನೋಡಿ ಇನ್ನೊಂದು ಹನಿ ಹಾಕುವುದು ಬೇಡ.

ತಕ್ಕಡಿಯ ಅಂಕಿ ಓಡುತ್ತಲೇ ಇದೆ

ಮೇಲೆ ಫ್ಯಾನ್ ತಿರುಗುತ್ತಿದೆಯೇ? ಅರ್ಧಕ್ಕರ್ಧ ದೂರು ಅಲ್ಲೇ ಮುಗಿಯುತ್ತದೆ. ಗಾಜಿನ ಬಾಗಿಲುಗಳನ್ನು ಮುಚ್ಚಿ, ಫ್ಯಾನ್ ಆರಿಸಿ, ಮೇಜಿನ ಮೇಲೆ ಮೊಣಕೈ ಊರಿದವರನ್ನು ಎಬ್ಬಿಸಿ. ಹಿಂದಿನ ನೀರುಮಟ್ಟದ ಗುಳ್ಳೆ ವೃತ್ತದ ನಡುವೆ ಇದೆಯೇ ನೋಡಿ, ಇಲ್ಲದಿದ್ದರೆ ಕಾಲಿನ ತಿರುಪು ತಿರುಗಿಸಿ. ಸ್ವಿಚ್ ಹಾಕಿ ಅರ್ಧ ಗಂಟೆ ಕಾಯಿಸದೆ ತೂಗಿದರೆ ಅಂಕಿ ಮೆಲ್ಲಗೆ ಜಾರುವುದು ಸಹಜ.

ಅಂಕಿ ಓಡುವ ದಿಕ್ಕು ಕಾರಣ ಹೇಳುತ್ತದೆ. ಏರುತ್ತಲೇ ಇದ್ದರೆ ವಸ್ತು ಗಾಳಿಯ ತೇವ ಹೀರುತ್ತಿದೆ. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ ಇದರಲ್ಲಿ ಎತ್ತಿದ ಕೈ, ಕರಾವಳಿಯ ಮಳೆಗಾಲದಲ್ಲಂತೂ ಕಣ್ಣೆದುರೇ ಒದ್ದೆಯಾಗುತ್ತದೆ. ಅದನ್ನು ಅಂದಾಜಾಗಿ ತೂಗಿ ದ್ರಾವಣ ಮಾಡಿ, ನಿಜವಾದ ಸಾರತೆಯನ್ನು ಟೈಟ್ರೇಶನ್ನಿಂದ ಕಂಡುಕೊಳ್ಳುವುದೇ ಸರಿಯಾದ ದಾರಿ. ಇಳಿಯುತ್ತಲೇ ಇದ್ದರೆ ವಸ್ತು ಆವಿಯಾಗುತ್ತಿದೆ, ಅಥವಾ ಪಾತ್ರೆಯ ಹೊರಗೋಡೆ ಒದ್ದೆಯಿದೆ.

ಬಿಸಿ ಮೂಸೆಯನ್ನು ನೇರವಾಗಿ ತಂದಿಟ್ಟರೆ ನಿಜವಾದ ತೂಕಕ್ಕಿಂತ ಕಡಿಮೆ ತೋರಿಸಿ, ತಣಿಯುತ್ತಾ ಏರುತ್ತದೆ. ಸುತ್ತಲಿನ ಗಾಳಿ ಬಿಸಿಯಾಗಿ ಮೇಲೇರುತ್ತಾ ತಟ್ಟೆಯನ್ನು ಎತ್ತುವುದರಿಂದ ಹೀಗಾಗುತ್ತದೆ. ಡೆಸಿಕೇಟರಿನಲ್ಲಿ (ಒಳಗೆ ತೇವ ಹೀರುವ ವಸ್ತುವಿಟ್ಟ ಮುಚ್ಚಿದ ಪಾತ್ರೆ) ಕೊಠಡಿ ಉಷ್ಣತೆಗೆ ತಣಿದ ಮೇಲೆ ತೂಗಿ. ಒಣ ಬೇಸಿಗೆಯಲ್ಲಿ ಪ್ಲಾಸ್ಟಿಕ್ ತಟ್ಟೆಯಲ್ಲಿ ತೂಗುವಾಗ ಅಂಕಿ ತಲೆಬುಡವಿಲ್ಲದೆ ಕುಣಿದರೆ ಅದು ಸ್ಥಾಯಿ ವಿದ್ಯುತ್ತು. ಗಾಜಿನ ಅಥವಾ ಅಲ್ಯುಮಿನಿಯಂ ಹಾಳೆಯ ತಟ್ಟೆ ಬಳಸಿದರೆ ನಿಲ್ಲುತ್ತದೆ.

ಅಂಕಿ ನಿಂತಿದೆ, ಆದರೆ 100 ಗ್ರಾಂ ಬಟ್ಟು 99.97 ತೋರಿಸುತ್ತಿದೆ ಎಂದರೆ ಅದು ಬೇರೆ ರೋಗ. ತಕ್ಕಡಿಯನ್ನು ಇತ್ತೀಚೆಗೆ ಬೇರೆ ಊರಿನಿಂದ ತಂದಿರಾ? ಎಲೆಕ್ಟ್ರಾನಿಕ್ ತಕ್ಕಡಿ ಅಳೆಯುವುದು ಭೂಮಿ ಎಳೆಯುವ ಬಲವನ್ನು, ಅದನ್ನು ಗ್ರಾಂ ಎಂದು ಬರೆದು ತೋರಿಸುತ್ತದೆ ಅಷ್ಟೇ. ಮಂಗಳೂರಿನಲ್ಲಿ ಸರಿಹೊಂದಿಸಿದ್ದನ್ನು ಘಟ್ಟ ಹತ್ತಿಸಿ ಮಡಿಕೇರಿಯಲ್ಲಿಟ್ಟರೆ 100 ಗ್ರಾಮಿಗೆ ಕೆಲವು ಹತ್ತು ಮಿಲಿಗ್ರಾಂ ಕಡಿಮೆ ಹೇಳುತ್ತದೆ. ಎರಡು ತಟ್ಟೆಯ ಹಳೆಯ ತಕ್ಕಡಿಗೆ ಈ ಬಾಧೆಯಿಲ್ಲ, ಬಟ್ಟನ್ನೂ ವಸ್ತುವನ್ನೂ ಭೂಮಿ ಒಂದೇ ಸಮ ಎಳೆಯುತ್ತದಲ್ಲ. ಹೊಸ ಜಾಗದಲ್ಲಿ ಕ್ಯಾಲಿಬ್ರೇಶನ್ ಬಟ್ಟಿನಿಂದ, ಚಿಮಟದಲ್ಲಿ ಹಿಡಿದು, ಮತ್ತೆ ಸರಿಹೊಂದಿಸಿ. ಬೆರಳಿನ ಜಿಡ್ಡೂ ತೂಕವೇ.

ಆಮೇಲೆ ಅದೇ ಬಟ್ಟನ್ನು ತಟ್ಟೆಯ ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿ. ಮೂಲೆಗೊಂದು ತೂಕ ಬಂದರೆ ಒಳಗಿನ ಲೋಡ್‌ಸೆಲ್ ಕೆಟ್ಟಿದೆ ಅಥವಾ ಮಿತಿ ಮೀರಿದ ಭಾರ ಬಿದ್ದಿದೆ. ಇಲ್ಲಿಗೆ ನಿಲ್ಲಿಸಿ ದುರಸ್ತಿಯವರನ್ನು ಕರೆಸಿ. ತಿರುಪು ಬಿಚ್ಚಿ ಒಳಗೆ ಕೈ ಹಾಕಿದರೆ ಇದ್ದದ್ದೂ ಹೋಗುತ್ತದೆ. ವ್ಯಾಪಾರಕ್ಕೆ ಬಳಸುವ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ತಕ್ಕಡಿಯಾದರೆ ಮುದ್ರೆ ಮುರಿಯುವುದೇ ಅಪರಾಧವಾದೀತು.

ನೀರು ಕುದಿಯುತ್ತಿದೆ, ಥರ್ಮಾಮೀಟರ್ 97 ಎನ್ನುತ್ತಿದೆ

ಬೆಂಗಳೂರಿನಲ್ಲಿದ್ದರೆ ಥರ್ಮಾಮೀಟರ್ ಸರಿಯಾಗಿದೆ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರಿನ ಕುದಿಬಿಂದು ಸುಮಾರು 1 °ಸೆ. ಇಳಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಹಾಗಾಗಿ 97. ಮಡಿಕೇರಿಯಲ್ಲಿ 96ರ ಆಸುಪಾಸು. ಕಾರವಾರದಲ್ಲೋ ಮಂಗಳೂರಿನಲ್ಲೋ 97 ತೋರಿಸಿದರೆ ಮಾತ್ರ ಥರ್ಮಾಮೀಟರನ್ನು ಸಂಶಯಿಸಬೇಕು. ಪುಸ್ತಕದಲ್ಲಿದೆ ಎಂದು ರೆಕಾರ್ಡಿನಲ್ಲಿ 100 ಬರೆಯುವುದು ಕಂಡದ್ದನ್ನು ಬಿಟ್ಟು ಕೇಳಿದ್ದನ್ನು ಬರೆದಂತೆ.

ಬೋರ್‌ವೆಲ್ ನೀರಿನ ಲವಣವನ್ನು ದೂರುವವರಿದ್ದಾರೆ. ಲವಣ ಕುದಿಬಿಂದುವನ್ನು ಇಳಿಸುವುದಿಲ್ಲ, ಏರಿಸುತ್ತದೆ. ಅದೂ ಎಷ್ಟು? ಒಂದು ಕಿಲೋ ನೀರಿಗೆ 58 ಗ್ರಾಂ ಉಪ್ಪು ಸುರಿದರೆ 1 °ಸೆ.

ಥರ್ಮಾಮೀಟರನ್ನು ಪರೀಕ್ಷಿಸಲು ಊರಿನ ಎತ್ತರದ ಗೊಡವೆಯಿಲ್ಲದ ಬಿಂದು ಮಂಜುಗಡ್ಡೆಯದು. ಡಿಸ್ಟಿಲ್ಡ್ ವಾಟರಿನ ಮಂಜುಗಡ್ಡೆಯನ್ನು ನುಣ್ಣಗೆ ಪುಡಿ ಮಾಡಿ, ಸಂದು ತುಂಬುವಷ್ಟೇ ತಣ್ಣೀರು ಹಾಕಿ, ಬುರುಡೆಯನ್ನು ಹೂತು ಐದು ನಿಮಿಷ ಬಿಡಿ. 0 ಬರಬೇಕು. 1 ತೋರಿಸಿದರೆ ಅದನ್ನು ಬರೆದಿಟ್ಟುಕೊಂಡು ಪ್ರತಿ ರೀಡಿಂಗಿನಿಂದ ಕಳೆಯಬಹುದು, ಎಸೆಯಬೇಕಿಲ್ಲ. ಆದರೆ ಮಂಜುಗಡ್ಡೆಯಲ್ಲಿ ಸರಿ, ಕುದಿಯುವಲ್ಲಿ ಒಂದು ಡಿಗ್ರಿ ಕಡಿಮೆ ಎಂದಾದರೆ ಹೊರಗೆ ಉಳಿದ ಪಾದರಸದ ಎಳೆಯನ್ನು ನೋಡಿ. 30 °ಸೆ. ಕೊಠಡಿಯಲ್ಲಿ 80 ಡಿಗ್ರಿಯಷ್ಟು ಎಳೆ ಆವಿಯ ಹೊರಗಿದ್ದರೆ ಸುಮಾರು 0.9 °ಸೆ. ಕಡಿಮೆ ತೋರಿಸುತ್ತದೆ.

ಎಳೆ ತುಂಡಾಗಿ ನಡುವೆ ಖಾಲಿ ಕಂಡರೆ ಬುರುಡೆಯನ್ನು ಮಂಜುಗಡ್ಡೆ ಮತ್ತು ಉಪ್ಪಿನ ಮಿಶ್ರಣದಲ್ಲಿಟ್ಟು ಇಡೀ ಎಳೆ ಕೆಳಗಿಳಿದು ಕೂಡಿಕೊಳ್ಳಲು ಬಿಡಿ. ಜ್ವಾಲೆಗೆ ಹಿಡಿದು ಕೂಡಿಸುವ ಯತ್ನ ಬೇಡ, ಬುರುಡೆ ಸಿಡಿಯುತ್ತದೆ.

ಕರಗುಬಿಂದುವಿಗೂ ಇದೇ ತರ್ಕ. ಬೆಂಜೋಯಿಕ್ ಆಮ್ಲ 122 °ಸೆ.ನಲ್ಲಿ ಥಟ್ಟನೆ ಕರಗಬೇಕು. 115ರಲ್ಲಿ ಶುರುವಾಗಿ 120ರವರೆಗೆ ಎಳೆದರೆ ವಸ್ತು ಅಶುದ್ಧ ಅಥವಾ ಒದ್ದೆ. 119ರಲ್ಲಿ ಥಟ್ಟನೆ ಕರಗಿದರೆ ವಸ್ತು ಶುದ್ಧ, ಥರ್ಮಾಮೀಟರ್ ತಪ್ಪು. ಕೊನೆಯ ಹತ್ತು ಡಿಗ್ರಿಯಲ್ಲಿ ನಿಮಿಷಕ್ಕೆ 1–2 ಡಿಗ್ರಿಗಿಂತ ವೇಗವಾಗಿ ಕಾಯಿಸಿದ್ದರೆ ಎರಡರ ಬಗ್ಗೆಯೂ ತೀರ್ಪು ಕೊಡಬೇಡಿ.

ಲೋಹದ ಸಾಂದ್ರತೆ ಪುಸ್ತಕಕ್ಕೆ ಹೊಂದುತ್ತಿಲ್ಲ

ಬಹುಮಟ್ಟಿಗೆ ತಪ್ಪಿರುವುದು ಗಾತ್ರ, ತೂಕವಲ್ಲ. 13.5 ಗ್ರಾಂ ಅಲ್ಯುಮಿನಿಯಂ ತುಂಡು 5.0 ಮಿ.ಲೀ. ನೀರು ಏರಿಸಬೇಕು, ಸಾಂದ್ರತೆ 2.70. ಅದನ್ನು 100 ಮಿ.ಲೀ. ಸಿಲಿಂಡರಿನಲ್ಲಿ ಅಳೆದು ಅರ್ಧ ಮಿ.ಲೀ. ತಪ್ಪಿದರೆ ಉತ್ತರ ಶೇಕಡಾ ಹತ್ತು ತಪ್ಪುತ್ತದೆ, ತಕ್ಕಡಿ ಎಷ್ಟೇ ಒಳ್ಳೆಯದಿರಲಿ. ತುಂಡು ಹಿಡಿಯುವಷ್ಟು ಸಣ್ಣ ಸಿಲಿಂಡರ್ ತೆಗೆದುಕೊಳ್ಳಿ, ಅಥವಾ ನಾಲ್ಕೈದು ತುಂಡು ಒಟ್ಟಿಗೆ ಹಾಕಿ.

ಉತ್ತರ ಯಾವಾಗಲೂ ಕಡಿಮೆಯೇ ಬರುತ್ತಿದ್ದರೆ ತುಂಡಿಗೆ ಅಂಟಿದ ಗಾಳಿಗುಳ್ಳೆ ಗಾತ್ರವನ್ನು ಹೆಚ್ಚಿಸುತ್ತಿದೆ. ಸಿಲಿಂಡರನ್ನು ಮೆಲ್ಲಗೆ ತಟ್ಟಿ. ಒಂದು ಹನಿ ಸಾಬೂನು ನೀರೂ ಸಹಾಯ ಮಾಡುತ್ತದೆ. ತುಂಡನ್ನು ಮೇಲಿನಿಂದ ಬೀಳಿಸದೆ ಸಿಲಿಂಡರನ್ನು ಓರೆ ಮಾಡಿ ಜಾರಿಸಿ, ನೀರು ಚಿಮ್ಮಿ ಹೋದರೂ ತಳ ಒಡೆದರೂ ನಷ್ಟ ನಿಮ್ಮದೇ. ಒದ್ದೆ ತುಂಡನ್ನು ತೂಗಿದ್ದರೆ ಉತ್ತರ ಹೆಚ್ಚು ಬರುತ್ತದೆ.

ತೂಕ ಎಲ್ಲಿ ಹೋಯಿತು, ಗಾತ್ರ ಎಲ್ಲಿ ಹೋಯಿತು

ವಿನೆಗರಿಗೆ ಅಡುಗೆ ಸೋಡಾ ಹಾಕಿ ತೂಗಿದಾಗ ತೂಕ ಇಳಿದರೆ ಕಾರ್ಬನ್ ಡೈಆಕ್ಸೈಡ್ ತಟ್ಟೆಯಿಂದ ಆಚೆ ಹೋಗಿದೆ. ಬಾಯಿಗೆ ಬಲೂನು ಕಟ್ಟಿದರೆ ಅನಿಲ ಉಳಿಯುತ್ತದೆ, ಆದರೂ ಉಬ್ಬಿದ ಬಲೂನು ಸರಿಸಿದ ಗಾಳಿಯ ತೇಲುವಿಕೆಯಿಂದ ಲೀಟರಿಗೆ ಒಂದು ಗ್ರಾಂ ಹತ್ತಿರ ಕಡಿಮೆ ತೋರುತ್ತದೆ. ಗಟ್ಟಿ ಬಿರಡೆಯ ಪ್ಲಾಸ್ಟಿಕ್ ಬಾಟಲಿಯಲ್ಲಿ ಚಿಟಿಕೆ ಸೋಡಾ ಮಾತ್ರ ಹಾಕಿ ಮಾಡಿದರೆ ತೂಕ ಕದಲುವುದಿಲ್ಲ. ಗಾಜಿನ ಬಾಟಲಿಯಲ್ಲಿ ಎಂದೂ ಮಾಡಬೇಡಿ, ಒತ್ತಡಕ್ಕೆ ಸಿಡಿಯುತ್ತದೆ. 50 ಮಿ.ಲೀ. ನೀರಿಗೆ 50 ಮಿ.ಲೀ. ಈಥೈಲ್ ಆಲ್ಕೊಹಾಲ್ ಸೇರಿಸಿ 96–97 ಬಂದರೆ ಸಿಲಿಂಡರ್ ಸೋರಿಲ್ಲ. ಎರಡರ ಅಣುಗಳು ಒಂದರ ಸಂದಿಯಲ್ಲಿ ಇನ್ನೊಂದು ಕೂತು ಒತ್ತಾಗುತ್ತವೆ. ದ್ರವ್ಯರಾಶಿ ಕೂಡುತ್ತದೆ, ಗಾತ್ರ ಕೂಡಲೇಬೇಕೆಂದಿಲ್ಲ.

ಇಲ್ಲಿ ಹುಡುಕಾಟ ನಿಲ್ಲಿಸಿ

ಪಾದರಸದ ಥರ್ಮಾಮೀಟರ್ ಒಡೆದರೆ ಪ್ರಯೋಗ ಅಲ್ಲಿಗೇ ಮುಗಿಯಿತು. ಕಿಟಕಿ ತೆರೆಯಿರಿ, ಚಿನ್ನದ ಉಂಗುರ ಬಳೆ ತೆಗೆದಿಡಿ, ಪಾದರಸ ತಾಗಿದರೆ ಚಿನ್ನ ಕೆಡುತ್ತದೆ. ಪೊರಕೆ ಹಾಕಬೇಡಿ, ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ. ಕೈಗವಸು ತೊಟ್ಟು ಎರಡು ದಪ್ಪ ರಟ್ಟಿನ ತುಂಡಿನಿಂದ ಹನಿಗಳನ್ನು ಒಂದುಗೂಡಿಸಿ, ಡ್ರಾಪರಿನಲ್ಲಿ ಎತ್ತಿ, ಮುಚ್ಚಳವಿರುವ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಲ್ಯಾಬಿನ ಹೊಣೆ ಹೊತ್ತವರಿಗೆ ಕೊಡಿ. ಸಂದಿಯಲ್ಲಿ ಉಳಿದದ್ದರ ಮೇಲೆ ಗಂಧಕದ ಪುಡಿ ಉದುರಿಸಿ. ಸಿಂಕಿಗೆ ಹಾಕಬೇಡಿ.

ಸಲ್ಫ್ಯೂರಿಕ್ ಆಮ್ಲ ಕಡಿಮೆ ಬಿತ್ತೆಂದು ತೋರಿದರೂ ಗಾಢ ಆಮ್ಲವನ್ನು ಬಿಸಿ ಫ್ಲಾಸ್ಕಿಗೆ ಸುರಿಯಬೇಡಿ. ಸಾರರಿಕ್ತ ಆಮ್ಲವನ್ನು ಮೊದಲೇ ಮಾಡಿಟ್ಟುಕೊಳ್ಳಿ, ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸುತ್ತಾ, ಎಂದೂ ನೀರನ್ನು ಆಮ್ಲಕ್ಕಲ್ಲ. ಪರ್ಮಾಂಗನೇಟಿನ ಹರಳಿಗೆ ಗಾಢ ಸಲ್ಫ್ಯೂರಿಕ್ ಆಮ್ಲ ತಾಗಿದರೆ ಸ್ಫೋಟಿಸುವ ಹಸಿರು ಎಣ್ಣೆಯಂಥ ವಸ್ತು ಹುಟ್ಟುತ್ತದೆ. ಗ್ಲಿಸರಿನ್ ತಾಗಿದರೆ ಬೆಂಕಿಯೇ ಹತ್ತುತ್ತದೆ. ಈ ಬಾಟಲಿಗಳನ್ನು ಒಂದೇ ತಟ್ಟೆಯಲ್ಲಿಟ್ಟುಕೊಂಡು ತೂಗಬಾರದು.

ಕಣ್ಣಿಗೆ ಏನೇ ಸಿಡಿದರೂ ಹರಿಯುವ ನೀರಿನಲ್ಲಿ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಹೋಗುವಾಗ ಬಾಟಲಿಯ ಲೇಬಲಿನ ಫೋಟೋ ತೆಗೆದುಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ. ಆಕ್ಸಾಲಿಕ್ ಆಮ್ಲ ಬಾಯೊಳಗೆ ಹೋಗಿದ್ದರೆ ಬಾಯಿ ಮುಕ್ಕಳಿಸಿ ಉಗುಳಿ, ವಾಂತಿ ಮಾಡಿಸದೆ ಕರೆದೊಯ್ಯಿರಿ.